ಜಪಾನಿನಲ್ಲಿ ಎಕ್ಸ್‌ಚೇಂಜ್ ವಿದ್ಯಾರ್ಥಿ ನಾನು. ಸಸ್ಯಾಹಾರಿ, ಭಾಷೆಯೂ ಅಷ್ಟಕ್ಕಷ್ಟೆ. ಶನಿವಾರ-ಭಾನುವಾರ ಇಲ್ಲಿನ ಒಂದು ಮನೆಯವರ ಜೊತೆ ಇರುವ ಹೋಮ್‌ಸ್ಟೇಗೆ ಹೆಸರು ಕೊಡಲಾ, ಬೇಡವಾ?

ಕೊಡಿ. ನಾನೂ ಅಲ್ಲಿ ಎಕ್ಸ್‌ಚೇಂಜ್‌ನಲ್ಲಿ ಓದಿದವನು, ನಾನೂ ಸಸ್ಯಾಹಾರಿ. ನೀವು ಹೇಳಿದ ಎರಡು ಭಯಗಳಲ್ಲಿ ಭಾಷೆಯದ್ದು ಅಂಥ ದೊಡ್ಡ ವಿಷಯವಲ್ಲ. ಊಟದ್ದು ಮಾತ್ರ ನಿಜವಾದ ವಿಷಯ. ಅದನ್ನು ಆ ಮನೆಗೆ ಹೋದ ಮೇಲಲ್ಲ, ಹೋಗುವ ಮೊದಲೇ ಬಗೆಹರಿಸಿಕೊಳ್ಳಬೇಕು.

ಇಂಥ ಹೋಮ್‌ಸ್ಟೇಗಳನ್ನು ಸಾಮಾನ್ಯವಾಗಿ ಯೂನಿವರ್ಸಿಟಿಯ ಕಚೇರಿ ಅಥವಾ ಆ ಊರಿನ ಅಂತರರಾಷ್ಟ್ರೀಯ ವಿನಿಮಯ ಸಂಘ ಏರ್ಪಡಿಸುತ್ತದೆ. ಹೆಚ್ಚಿನ ಕಡೆ ಮನೆಯವರು ದುಡ್ಡಿಗಾಗಿ ಬರುವವರಲ್ಲ, ತಾವಾಗಿಯೇ ಹೆಸರು ಕೊಟ್ಟವರು. ಅಂದರೆ ನಿಮಗಿಂತ ಜಾಸ್ತಿ ಗಾಬರಿ ಅವರಿಗಿರುತ್ತದೆ. ಬರುವ ಮಗುವಿಗೆ ಏನು ಬೇಯಿಸಿ ಹಾಕೋದು ಅಂತ ಆ ಮನೆಯ ತಾಯಿ ವಾರದಿಂದ ಯೋಚನೆ ಮಾಡುತ್ತಿರುತ್ತಾರೆ. ಹಾಗಾಗಿ ಫಾರಂನಲ್ಲಿ ಸುಮ್ನೆ 'ಸಸ್ಯಾಹಾರಿ' ಅಂತ ಬರೆದು ಬಿಟ್ಟರೆ ಅವರಿಗೂ ಕಷ್ಟ, ನಿಮಗೂ ಕಷ್ಟ.

ತೊಂದರೆ ಇರೋದು ತಟ್ಟೆಯಲ್ಲಿ ಕಾಣುವ ಮೀನಿನಲ್ಲಲ್ಲ, ಕಾಣದ ಮೀನಿನಲ್ಲಿ. ಅಲ್ಲಿನ ಅಡುಗೆಗೆ ಬುನಾದಿ ದಾಶಿ ಅನ್ನೋ ತಿಳಿಸಾರು. ಮಿಸೊ ಸೂಪ್, ಉದೋನ್, ಸೋಬಾ ಅನ್ನೋ ನೂಡಲ್ಸ್‌ಗಳು, ಬೇಯಿಸಿದ ತರಕಾರಿ, ಎಷ್ಟೋ ಮನೆಗಳಲ್ಲಿ ಮೊಟ್ಟೆಯ ಸುರುಳಿ ಕೂಡ, ಎಲ್ಲದಕ್ಕೂ ಅದೇ ಬೀಳುತ್ತದೆ. ಅದನ್ನು ಹೆಚ್ಚಾಗಿ ತೆಗೆಯೋದು ಕತ್ಸುವೊಬುಶಿಯಿಂದ, ಅಂದರೆ ಬೇಯಿಸಿ, ಹೊಗೆ ಹಾಕಿ ಒಣಗಿಸಿದ ಮೀನನ್ನು ತೆಳ್ಳಗೆ ಹೆರೆದ ಚೂರುಗಳಿಂದ. ಇಲ್ಲದಿದ್ದರೆ ಸಣ್ಣ ಒಣಮೀನಿನಿಂದ. ಮನೆಯವರಿಗೆ ಅದು ಮೀನು ಅಂತಲೇ ಅನ್ನಿಸುವುದಿಲ್ಲ, ಹಾಗಾಗಿ ಅವರು ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳಬೇಡಿ. ಅಂಗಡಿಯಲ್ಲಿ ಸಿಗುವ, ಕರಿ (curry) ಮಾಡುವ ಮಸಾಲೆ ಗಟ್ಟಿಗಳಲ್ಲೂ ದನದ್ದೋ ಹಂದಿಯದ್ದೋ ಕೊಬ್ಬು ಇರೋದು ಸಾಮಾನ್ಯ. 'ಭಾರತದವರಲ್ವಾ, ಕರಿ ಮಾಡೋಣ' ಅಂತ ಪ್ರೀತಿಯಿಂದ ಮಾಡಿಬಿಡುತ್ತಾರೆ!

ಅದಕ್ಕೇ ಒಂದು ಹಾಳೆಯಲ್ಲಿ ತಿನ್ನದ್ದನ್ನು ಒಂದೊಂದಾಗಿ ಜಪಾನಿಯಲ್ಲಿ ಬರೆಯಿರಿ: ದನ, ಹಂದಿ, ಕೋಳಿ, ಮೀನು, ಸಿಗಡಿ, ಮೀನಿನ ದಾಶಿ, ಜೆಲಟಿನ್. ಮೊಟ್ಟೆ, ಹಾಲು ನಡೆಯುತ್ತದೋ ಇಲ್ಲವೋ ಅದನ್ನೂ ಹೇಳಿ. ಅದಕ್ಕಿಂತ ಮುಖ್ಯ, ತಿನ್ನುವುದನ್ನು ಬರೆಯೋದು: ಅನ್ನ, ತೋಫು, ನತ್ತೊ (ಹುದುಗಿಸಿದ ಸೋಯಾ ಕಾಳು), ಎಲ್ಲ ತರಕಾರಿ, ಅಣಬೆ, ಕೊಂಬು ಅನ್ನೋ ಕಡಲಪಾಚಿ ಅಥವಾ ಒಣ ಶಿತಾಕೆ ಅಣಬೆಯಿಂದ ತೆಗೆದ ದಾಶಿ. ಈ ಎರಡನೇ ಪಟ್ಟಿ ನೋಡಿದ ಕೂಡಲೇ ಅವರ ತಲೆಯಲ್ಲಿ ಅಡುಗೆ ಶುರುವಾಗುತ್ತದೆ. ದೇವಸ್ಥಾನದ ಬೌದ್ಧ ಭಿಕ್ಷುಗಳು ಉಣ್ಣುವ ಶೋಜಿನ್ ರ್ಯೋರಿ ಥರ ಅಂದರೆ ಅಜ್ಜ-ಅಜ್ಜಿಯರಿಗೆ ಬೇಗ ಹೊಳೆಯುತ್ತದೆ. ಆದರೆ ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ, ನಿಮಗೆ ಬೇಕಿದ್ದರೆ ಅದನ್ನೂ ಹೇಳಿಬಿಡಿ.

ದಾಶಿಯ ಬಗ್ಗೆ ನೀವೇ ಮೊದಲು ತೀರ್ಮಾನ ಮಾಡಿಕೊಳ್ಳಿ. ನನ್ನ ಜೊತೆಗಿದ್ದ ಕೆಲವು ಸಸ್ಯಾಹಾರಿಗಳು ಸಾರಿನಲ್ಲಿದ್ದರೆ ಇರಲಿ ಅಂತ ಬಿಟ್ಟಿದ್ದರು, ನಾನು ಬಿಡಲಿಲ್ಲ. ಎರಡೂ ಸರಿಯೇ. ಸಂಕೋಚಕ್ಕೆ 'ಪರವಾಗಿಲ್ಲ' ಅಂದು ಆಮೇಲೆ ಬಟ್ಟಲು ಮುಟ್ಟದೇ ಕೂರೋದು ಮಾತ್ರ ಸರಿಯಲ್ಲ. ಮಾಡಿದವರಿಗೆ ಅದರಷ್ಟು ಬೇಜಾರು ಇನ್ನೊಂದಿಲ್ಲ.

ಇನ್ನು ಮನೆಯೊಳಗಿನ ರೀತಿ. ಬಾಗಿಲ ಹತ್ತಿರ ಗೆಂಕನ್ ಅನ್ನೋ ತಗ್ಗಿನ ಜಾಗದಲ್ಲಿ ಶೂ ಬಿಚ್ಚಿ, ಮೂತಿ ಬಾಗಿಲ ಕಡೆ ತಿರುಗಿಸಿಡಿ. ಒಳಗೆ ಚಪ್ಪಲಿ ಕೊಡುತ್ತಾರೆ, ತತಾಮಿ ಚಾಪೆಯ ಕೋಣೆಗೆ ಅದೂ ಬೇಡ. ಟಾಯ್ಲೆಟ್ ಒಳಗೆ ಬೇರೆ ಚಪ್ಪಲಿ ಇದ್ದರೆ ಅದು ಅಲ್ಲೇ ಉಳಿಯಬೇಕು, ಹಾಕಿಕೊಂಡೇ ಹಾಲ್‌ಗೆ ಬಂದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ತೂತಿಲ್ಲದ ಸಾಕ್ಸ್ ಹಾಕಿಕೊಂಡು ಹೋಗಿ.

ಸ್ನಾನದ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಟಬ್ ಇರೋದು ಮೈ ತೊಳೆಯೋಕಲ್ಲ. ಟಬ್‌ನ ಹೊರಗೆ ಸಣ್ಣ ಸ್ಟೂಲ್ ಮೇಲೆ ಕೂತು ಸೋಪು, ಶಾಂಪೂ ಎಲ್ಲ ಮುಗಿಸಿ, ನೊರೆ ಪೂರ್ತಿ ತೊಳೆದುಕೊಂಡ ಮೇಲೆ ಟಬ್‌ನಲ್ಲಿ ಕೂರೋದು. ಅದೇ ನೀರಿನಲ್ಲಿ ಮನೆಮಂದಿಯೆಲ್ಲ ಒಬ್ಬರಾದ ಮೇಲೆ ಒಬ್ಬರು ಕೂರುತ್ತಾರೆ. ಉಳಿದ ನೀರನ್ನು ಬಟ್ಟೆ ಒಗೆಯುವ ಮೆಷಿನ್‌ಗೆ ಹಾಕುವ ಮನೆಗಳೂ ಇವೆ. ಆದ್ದರಿಂದ ಏಳುವಾಗ ಟಬ್‌ನ ನೀರು ಖಾಲಿ ಮಾಡಬೇಡಿ, ಬಿಸಿ ಆರದಂತೆ ಮುಚ್ಚಳ ಎಳೆದು ಬನ್ನಿ. ಅತಿಥಿ ಮೊದಲು ಅಂತ ನಿಮ್ಮನ್ನೇ ಕಳಿಸುತ್ತಾರೆ, ಬೇಡ ಬೇಡ ಅಂತ ಎಳೆದಾಡಬೇಡಿ, ಅವರೆಲ್ಲ ಕಾಯುತ್ತಿರುತ್ತಾರೆ. ಗೋಡೆಯ ಮೇಲಿನ ಬಟನ್‌ಗಳ ತಂಟೆಗೂ ಹೋಗಬೇಡಿ. ಎಷ್ಟೋ ಮನೆಗಳಲ್ಲಿ ಅದರಲ್ಲೊಂದು ಒಳಗಿನಿಂದ ಕರೆಯೋಕೆ ಇರುವಂಥದ್ದು. ಒತ್ತಿದರೆ ಅಡುಗೆಮನೆಯಲ್ಲಿ ಸದ್ದಾಗಿ ಯಾರಾದರೂ ಓಡಿ ಬರುತ್ತಾರೆ.

ಚಳಿಗಾಲವಾದರೆ ಬೆಚ್ಚಗಿನ ರಾತ್ರಿ ಬಟ್ಟೆ ಒಯ್ಯಿರಿ. ಹಳೇ ಮನೆಗಳಲ್ಲಿ ಇಡೀ ಮನೆ ಬಿಸಿ ಇರುವುದಿಲ್ಲ, ಕೂತ ಕೋಣೆ ಮಾತ್ರ. ಮಲಗುವಾಗ ಹೀಟರ್ ಆರಿಸುವವರೇ ಜಾಸ್ತಿ.

ಭಾಷೆಗೆ ಬಂದರೆ, ಒಳಗೆ ಕಾಲಿಡುವಾಗ 'ಒಜಾಮಾ ಶಿಮಾಸು', ಊಟಕ್ಕೆ ಮೊದಲು 'ಇತದಕಿಮಾಸು', ಮುಗಿದ ಮೇಲೆ 'ಗೊಚಿಸೋಸಮಾ', ಹೊರಡುವಾಗ 'ಒಸೆವಾ ನಿ ನರಿಮಶಿತಾ'. ಇಷ್ಟು ಬಾಯಿಗೆ ಬಂದರೆ ಸಾಕು, ಉಳಿದದ್ದಕ್ಕೆ ಫೋನ್ ಇದೆ. ಮನೆಯ ತಾಯಿ-ತಂದೆಯನ್ನು ಒಕಾಸನ್, ಒತೋಸನ್ ಅಂತಲೇ ಕರೆಯಬಹುದು, ಖುಷಿಪಡುತ್ತಾರೆ. ನಿಮ್ಮ ಮನೆ, ಬೀದಿ, ಕಾಲೇಜಿನ ಫೋಟೋಗಳನ್ನು ಫೋನಿನಲ್ಲಿ ಒಂದು ಕಡೆ ಇಟ್ಟುಕೊಳ್ಳಿ. ಮಾತು ನಿಂತಾಗ ಅವೇ ಕೈ ಹಿಡಿಯುತ್ತವೆ. ಕೆಲವು ಮನೆಗಳಿಗೆ ಮಕ್ಕಳ ಇಂಗ್ಲಿಷ್ ಸುಧಾರಿಸಲಿ ಅನ್ನೋ ಆಸೆಯೂ ಇರುತ್ತದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ನನಗೂ ಜಪಾನಿ ಮಾತಾಡಬೇಕು ಅಂತ ನೀವು ಬಾಯಿಬಿಟ್ಟು ಹೇಳಬೇಕು.

ಎಲ್ಲಿಗೆ ಹೋಗೋಣ ಅಂತ ಕೇಳುತ್ತಾರೆ. ಕೋಟೆ, ಅಕ್ವೇರಿಯಂ ಎಲ್ಲ ನೀವು ಒಬ್ಬರೇ ಹೋಗಿಯೂ ನೋಡಬಹುದು. ನನ್ನನ್ನು ಕೇಳಿದರೆ, ನೀವು ವಾರದ ಸಾಮಾನು ತರೋಕೆ ಹೋಗುವಾಗ ನಾನೂ ಬರುತ್ತೇನೆ ಅನ್ನಿ, ಮಗಳ ಆಟದ ಪ್ರಾಕ್ಟೀಸ್ ಇದ್ದರೆ ಅಲ್ಲಿಗೂ ಬರುತ್ತೇನೆ ಅನ್ನಿ. ನನಗೆ ಆ ಎರಡು ದಿನಗಳಲ್ಲಿ ಇಷ್ಟವಾಗಿದ್ದು ಸಂಜೆಯ ಸೂಪರ್‌ಮಾರ್ಕೆಟ್. ಒಕಾಸನ್ ಅರ್ಧ ಬೆಲೆಯ ಸ್ಟಿಕ್ಕರ್ ಅಂಟಿಸುವವನನ್ನು ಕಣ್ಣಂಚಿನಲ್ಲೇ ಹಿಂಬಾಲಿಸುತ್ತಾ, ಏನೂ ಗೊತ್ತಿಲ್ಲದವರಂತೆ ತೋಫು ನೋಡುತ್ತಾ ನಿಂತಿದ್ದರು. ಯಾವ ಗೈಡ್ ತೋರಿಸುತ್ತಾನೆ ಇದನ್ನು?

ಉಡುಗೊರೆ ಚಿಕ್ಕದಿರಲಿ. ಒಂದೊಂದಾಗಿ ಸುತ್ತಿದ ಸಿಹಿಯ ಡಬ್ಬಿ, ಸಾವಿರದಿಂದ ಎರಡು ಸಾವಿರ ಯೆನ್ ಒಳಗಿನದು, ಧಾರಾಳವಾಯಿತು. ತುಂಬ ದುಬಾರಿಯದು ಕೊಟ್ಟರೆ ಅವರಿಗೆ ತಿರುಗಿ ಕೊಡುವ ತಲೆಬಿಸಿ. ನಾಲ್ಕು ತುಂಡಿನ ಸೆಟ್ ಬೇಡ, ನಾಲ್ಕು ಅಲ್ಲಿ ಸಾವಿನ ಸಂಖ್ಯೆ. ನಿಮ್ಮೆದುರು ತೆರೆಯದೇ ಪಕ್ಕಕ್ಕಿಟ್ಟರೆ ಇಷ್ಟವಾಗಲಿಲ್ಲ ಅಂತಲ್ಲ.

ಭಾನುವಾರ ರಾತ್ರಿ ರೂಮಿಗೆ ತಲುಪಿದ ಕೂಡಲೇ ಲೈನ್ (LINE) ಅನ್ನೋ ಮೆಸೇಜ್ ಆ್ಯಪ್‌ನಲ್ಲಿ ಮೆಸೇಜ್ ಹಾಕಿ, ಆ ವಾರದೊಳಗೆ ಕೈಬರಹದ ಒಂದು ಕಾರ್ಡ್ ಕಳಿಸಿ. ಹೊಂದಿಕೊಂಡರೆ ಹೊಸ ವರ್ಷಕ್ಕೂ ಕರೆಯಬಹುದು. ಕರೆದರೆ ನಿಮ್ಮ ಆಹಾರದ ಪಟ್ಟಿಯನ್ನು ಇನ್ನೊಂದು ಸಲ ಕಳಿಸಿ, ಯಾಕೆಂದರೆ ಆಗ ತೆರೆಯುವ ಒಸೆಚಿ ಅನ್ನೋ ಹೊಸ ವರ್ಷದ ಊಟದ ಡಬ್ಬಿಗಳಲ್ಲಿ ಮೀನು, ಸಿಗಡಿ, ಮೀನಿನ ಮೊಟ್ಟೆಗಳದ್ದೇ ಕಾರುಬಾರು. ನಮ್ಮ ಪಾಲಿಗೆ ಉಳಿಯೋದು ಸಿಹಿ ಕಪ್ಪು ಸೋಯಾ ಕಾಳು, ಗೆಣಸು-ಚೆಸ್ಟ್‌ನಟ್ ಹಾಕಿ ಮಾಡಿದ ಕುರಿ ಕಿಂತೊನ್ (ಜಪಾನಿಯಲ್ಲಿ 'ಕುರಿ' ಅಂದರೆ ಚೆಸ್ಟ್‌ನಟ್). ಎರಡೂ ಚೆನ್ನಾಗಿರುತ್ತವೆ, ಆದರೆ ಬರೀ ಅದರಲ್ಲೇ ಹೊಟ್ಟೆ ತುಂಬಲ್ಲ.