ವಿಆರ್ ಹೆಡ್‌ಸೆಟ್ ಹಾಕಿದರೆ ಕುಡಿತ ಬಿಡುತ್ತದೆಯೇ?

ಪ್ರಿಯ ಓದುಗರೇ,

ಕುಡಿತ ಬಿಡಬೇಕೆಂದಿರುವ ನಿಮ್ಮ ತಮ್ಮನಿಗಾಗಿ ವಿಆರ್ ಹೆಡ್‌ಸೆಟ್ (ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಕಟ್ಟಿಕೊಂಡರೆ ಕೃತಕ ದೃಶ್ಯದೊಳಗೇ ಇದ್ದಂತೆ ಅನಿಸುವ ಸಾಧನ) ಕೊಂಡು, ಮನೆಯಲ್ಲೇ ಬಾರಿನ ದೃಶ್ಯ ತೋರಿಸಿ ಅಭ್ಯಾಸ ಮಾಡಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಈ ಚಿಕಿತ್ಸೆಯಲ್ಲಿ ಹುರುಳಿದೆ, ಆದರೆ ಅರ್ಧಕ್ಕೆ ಬಿಟ್ಟರೆ ಕೆಡುಕೇ ಹೆಚ್ಚು.

ಬಹುಕಾಲ ಕುಡಿದವರಿಗೆ ಗ್ಲಾಸಿನ ಸದ್ದು, ಬಾರಿನ ಮಂದ ಬೆಳಕು, ಜೊತೆಗಾರರ ದನಿ ಇಷ್ಟೇ ಸಾಕು, ತುಡಿತ ಏಳುತ್ತದೆ. ಚಿಕಿತ್ಸಕರು ಅದನ್ನು ಬೇಕೆಂದೇ ಎಬ್ಬಿಸುತ್ತಾರೆ. ಕುಡಿಯದೆಯೇ ಅದು ಇಳಿಯುವವರೆಗೆ ಜೊತೆಗೆ ಕೂರುತ್ತಾರೆ. ಏನು ಕುಡಿಯುತ್ತಿದ್ದರು, ಎಲ್ಲಿ, ಯಾರೊಂದಿಗೆ, ಯಾವ ಹೊತ್ತಿನಲ್ಲಿ ಎಂದು ಮೊದಲೇ ಕೇಳಿ, ದೃಶ್ಯಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿಕೊಂಡಿರುತ್ತಾರೆ. ಬಾರ್ಸಿಲೋನಾ ವಿಶ್ವವಿದ್ಯಾಲಯದ ತಂಡ ರೂಪಿಸಿದ ಆಲ್ಕೋ-ವಿಆರ್ ಎಂಬ ತಂತ್ರಾಂಶದಲ್ಲಿ ಮನೆ, ಬಾರ್, ಪಬ್, ರೆಸ್ಟೋರೆಂಟ್ ಎಂಬ 4 ಪರಿಸರಗಳಿವೆ. ದೃಶ್ಯದೊಳಗೆ ಯಾರೋ ಗ್ಲಾಸು ಚಾಚುತ್ತಾರೆ. ‘ಸೊನ್ನೆಯಿಂದ ನೂರರೊಳಗೆ ಆಸೆ ಈಗ ಎಷ್ಟು?’ ಎಂದು ಚಿಕಿತ್ಸಕರು ಆಗಾಗ ಕೇಳುತ್ತಾರೆ. 30 ಇದ್ದದ್ದು 75ಕ್ಕೆ ಏರಬಹುದು, ಆಮೇಲೆ ಮೆಲ್ಲಗೆ ಇಳಿಯಬೇಕು. ಇಳಿದ ಮೇಲಷ್ಟೇ ಮುಂದಿನ ದೃಶ್ಯ.

ಮನೆಯಲ್ಲಿ ಎಡವುವುದು ಇಲ್ಲೇ. 75ರಲ್ಲಿ ತಡೆಯಲಾರದೆ ಹೆಡ್‌ಸೆಟ್ ಕಿತ್ತಿಟ್ಟರೆ, ತುಡಿತ ತಾನಾಗಿ ಇಳಿಯುತ್ತದೆ ಎಂಬುದನ್ನು ಮಿದುಳು ಕಲಿಯುವುದೇ ಇಲ್ಲ. ಕೆರಳಿದ ಆಸೆ ಹೊತ್ತು ಅವರು ಸೀದಾ ಮನೆಯಿಂದ ಹೊರಬೀಳುತ್ತಾರೆ. ಇನ್ನೊಂದು ತೊಡಕು: ಒಂದು ಕಡೆ ಕಲಿತ ಸಂಯಮ ಇನ್ನೊಂದು ಜಾಗದಲ್ಲಿ ಕೈಕೊಡುತ್ತದೆ. ಇಂಥ ದೃಶ್ಯಗಳಿಗೂ ಕುಡಿತಕ್ಕೂ ಇರುವ ಹಳೆಯ ನಂಟು ಅಳಿಯುವುದಿಲ್ಲ, ಅದರ ಮೇಲೆ ಹೊಸ ಕಲಿಕೆ ಕೂರುತ್ತದೆ, ಅಷ್ಟೇ. ಚಿಕಿತ್ಸಾ ಕೊಠಡಿಯಲ್ಲಿ ಬಾಟಲಿ ತೋರಿಸುವ ಹಿಂದಿನ ವಿಧಾನ ಸೊರಗಿದ್ದಕ್ಕೆ ಇದೂ ಒಂದು ಕಾರಣ. ಹಲವು ಜಾಗ, ಹಲವು ಸನ್ನಿವೇಶಗಳನ್ನು ಬದಲಿಸಿ ಬದಲಿಸಿ ಕೊಡಬಲ್ಲದ್ದೇ ವಿಆರ್‌ನ ನಿಜವಾದ ಲಾಭ. ಆದರೆ ಹೆಡ್‌ಸೆಟ್‌ನಿಂದ ತಲೆ ತಿರುಗಿ ವಾಕರಿಕೆ ಬಂದರೆ ಲೆಕ್ಕ ತಪ್ಪುತ್ತದೆ, ಆಸೆ ಇಳಿದದ್ದು ವಾಕರಿಕೆಯಿಂದಲೋ ಅಭ್ಯಾಸದಿಂದಲೋ ತಿಳಿಯುವುದಿಲ್ಲ. ಹಾಗಾಗಿ ಮದ್ಯವೇ ಇಲ್ಲದ ದೃಶ್ಯದಿಂದ, ಕುಳಿತುಕೊಂಡೇ ಆರಂಭಿಸುವುದು ಒಳ್ಳೆಯದು. ಫಿಟ್ಸ್ ಇರುವವರು ವೈದ್ಯರನ್ನು ಕೇಳದೆ ಹೆಡ್‌ಸೆಟ್ ಮುಟ್ಟಬಾರದು.

ಇದೆಲ್ಲಕ್ಕಿಂತ ಮುಖ್ಯವಾದದ್ದೊಂದಿದೆ. ದಿನವೂ ವಿಪರೀತ ಕುಡಿಯುವವರು ತಟ್ಟನೆ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 2ರಿಂದ 4 ದಿನಗಳಲ್ಲಿ ನಡುಕ, ಬೆವರು, ಭ್ರಮೆ ಸೇರಿ ಜೀವಕ್ಕೇ ಕುತ್ತಾಗಬಹುದು. ನಿಲ್ಲಿಸುವ ಮೊದಲೇ ವೈದ್ಯರನ್ನು ಕಾಣಿರಿ. ಈ ಹಂತದಲ್ಲಿ ಬೇಕಾದದ್ದು ಔಷಧಿ, ಥಯಾಮಿನ್ (ಬಿ1 ವಿಟಮಿನ್), ನಿಗಾ. ವಿಆರ್‌ಗೆ ಇಲ್ಲಿ ಕೆಲಸವಿಲ್ಲ.

ಆಸೆ ತಗ್ಗುವುದನ್ನು ಅಧ್ಯಯನಗಳು ಕಂಡಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಚಿಕ್ಕವು, ವರ್ಷಗಟ್ಟಲೆ ಕುಡಿತ ನಿಲ್ಲುತ್ತದೆ ಎನ್ನುವಷ್ಟು ಪುರಾವೆ ಇನ್ನೂ ಕೂಡಿಲ್ಲ. ಆದ್ದರಿಂದ ಆಪ್ತಸಮಾಲೋಚನೆ ಮತ್ತು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಿಗಳ ಜೊತೆಗೆ ಇದನ್ನು ಬಳಸಬೇಕು, ಅವುಗಳ ಬದಲಿಗಲ್ಲ.

ವಿಆರ್ ಚಿಕಿತ್ಸೆ ಕೊಡುವ ಕಡೆ ಹೋದರೆ, ಸಮಯ ಮುಗಿದರೂ ತುಡಿತ ಇಳಿಯದಿದ್ದರೆ ಏನು ಮಾಡುತ್ತೀರಿ ಎಂದು ಮೊದಲು ಕೇಳಿ. ‘ಇಳಿಯುವವರೆಗೆ ಮನೆಗೆ ಕಳಿಸುವುದಿಲ್ಲ’ ಎಂಬ ಉತ್ತರ ಬರಬೇಕು. ಆ ದಿನ ಸಂಜೆ ತಮ್ಮನನ್ನು ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿ ಮದ್ಯ ಇಡಬೇಡಿ.

— ಸಂಪಾದಕ