‘ಅಧೀನಳಾಗಿರೋದು ಹೇಗೆ ಅಂತ ಹೇಳಿಕೊಡಿ ಅಕ್ಕ’

ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಎಂಬ ಬೈಬಲ್ ವಾಕ್ಯ ಹಿಡಿದುಕೊಂಡು ನನ್ನ ಹತ್ತಿರ ಸಲಹೆಗೆ ಬರುವ ದಂಪತಿಗಳು ಒಬ್ಬಿಬ್ಬರಲ್ಲ. ಸಭೆ (ಚರ್ಚ್) ಬೇರೆ, ಊರು ಬೇರೆ, ಜಗಳ ಮಾತ್ರ ಅದೇ. ಅದಕ್ಕೇ ಈ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ. ಇಬ್ಬರ ಒಪ್ಪಿಗೆಯೂ ಇದೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಾಯಿಸಿದ್ದೇನೆ.

ಆಕೆ ನರ್ಸ್. ಆತ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮೈಸೂರು ಕಡೆಯವರು, ಇಬ್ಬರು ಮಕ್ಕಳು. ಆತನಿಗೆ ಕುಡಿತ ಇಲ್ಲ, ಸಾಲ ಇಲ್ಲ. ಭಾನುವಾರ ಚರ್ಚಿನ ಹಾಡುಗಾರರ ತಂಡದಲ್ಲಿ, ಅಂದರೆ ಕಾಯರ್‌ನಲ್ಲಿ, ಹಾಡುತ್ತಾನೆ. ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ತಪ್ಪುವುದಿಲ್ಲ.

ಮೊದಲು ಆಕೆ ಒಬ್ಬಳೇ ಬಂದಳು, ಅದೂ ದೂರು ಹೇಳುವುದಕ್ಕಲ್ಲ. “ಅಕ್ಕ, ಅಧೀನಳಾಗಿರೋದು ಹೇಗೆ ಅಂತ ಹೇಳಿಕೊಡಿ. ನನ್ನಿಂದ ಆಗ್ತಾ ಇಲ್ಲ” ಅಂದಳು. ಮಿಕ್ಕಿದ್ದು ನಿಧಾನವಾಗಿ ಹೊರಗೆ ಬಂತು. ಎಟಿಎಂ ಕಾರ್ಡ್ ಗಂಡನ ಪರ್ಸಿನಲ್ಲಿ. ಸಂಬಳದ ಮೆಸೇಜ್ ಬರುವುದೂ ಗಂಡನ ಫೋನಿಗೇ. ಬಸ್ಸಿನ ದುಡ್ಡನ್ನು ದಿನಾ ಬೆಳಗ್ಗೆ ಕೇಳಿ ತಗೋಬೇಕು. ತವರಿನಲ್ಲಿ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆದಾಗ, ಜೊತೆಯ ನರ್ಸ್ ಹತ್ತಿರ ಕೈಸಾಲ ಮಾಡಿ ದುಡ್ಡು ಕಳಿಸಿದ್ದಳು. ಅದು ಗೊತ್ತಾದ ರಾತ್ರಿ ಆತ ಕೆನ್ನೆಗೆ ಹೊಡೆದ. ಆಮೇಲೆ ಬೈಬಲ್ ತೆಗೆದು, ಅಪೊಸ್ತಲ ಪೌಲ ಎಫೆಸದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದ 22ನೇ ವಚನವನ್ನು, ಅದೇ ಅಧೀನಳಾಗಿರಬೇಕು ಎನ್ನುವ ಮಾತನ್ನು, ಅವಳ ಕೈಲೇ ಓದಿಸಿದ.

“ಹೇಳದೆ ಕಳಿಸಿದ್ದು ತಪ್ಪು ನಂದೇ ಅಲ್ವಾ ಅಕ್ಕ?”

ಹೊಡೆತದ ಮಾತು ಬಂದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಲು ನಾನು ಅವಸರ ಮಾಡುವುದಿಲ್ಲ. ಇಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಪೆಟ್ಟು ಬೀಳುತ್ತಾ ಎಂದು ಬೇರೆಯಾಗಿ ಕೇಳಿ ತಿಳಿದುಕೊಂಡ ಮೇಲೆಯೇ ಗಂಡನನ್ನು ಕರೆಯುತ್ತೇನೆ. ಕೈ ಎತ್ತಿದ್ದು ಅದೊಂದೇ ಸಲ, ಈಗ ಆ ಭಯ ಇಲ್ಲ ಎಂದು ಆಕೆ ಹೇಳಿದಳು.

ಆತ ಬೈಬಲ್ ಹಿಡಿದುಕೊಂಡೇ ಬಂದ. “ಮೇಡಂ, ನಾನೇನು ನನ್ನ ಸ್ವಂತದ್ದು ಹೇಳ್ತಿಲ್ಲ. ವಾಕ್ಯದಲ್ಲಿ ಇರೋದನ್ನೇ ಕೇಳ್ತಿದೀನಿ. ಗಂಡ ತಲೆ ಅಲ್ವಾ?”

ಆ ವಾಕ್ಯವನ್ನು ನಾನೂ ನಂಬುತ್ತೇನೆ. ಅದು ಹಳೇ ಕಾಲದ್ದು, ಬಿಟ್ಟುಬಿಡಿ ಎಂದು ಹೇಳಿ ಕಳಿಸುವುದು ನನ್ನ ದಾರಿಯಲ್ಲ. ಹಾಗಾಗಿ ಒಂದೇ ಪ್ರಶ್ನೆ ಕೇಳಿದೆ. “22ನೇ ವಚನವನ್ನು ಪೌಲ ಹೇಳಿದ್ದು ಹೆಂಡತಿಯರಿಗೆ. ಅಲ್ಲಿ ಗಂಡಂದಿರಿಗೆ ಹೇಳಿದ್ದು ಪ್ರೀತಿಸಿ ಅಂತ. ಹೆಂಡತಿಯನ್ನು ಅಧೀನದಲ್ಲಿ ಇಟ್ಟುಕೊಳ್ಳಿ ಅಂತ ಗಂಡನಿಗೆ ಹೇಳಿದ ಒಂದು ವಚನ ತೋರಿಸ್ತೀರಾ?”

ಆತ ಹಾಳೆ ತಿರುವಿದ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ಸಿಕ್ಕಿದ್ದು, ಹೆಂಡತಿಗೆ ನಿಷ್ಠುರರಾಗಬೇಡಿ ಎಂಬ ಮಾತು. ಅಲ್ಲಿಂದ ಯೇಸುವಿನ ಶಿಷ್ಯ ಪೇತ್ರನ ಮೊದಲನೆಯ ಪತ್ರಿಕೆಯ 3ನೇ ಅಧ್ಯಾಯಕ್ಕೆ ಹೋದ. 7ನೇ ವಚನವನ್ನು ಜೋರಾಗಿ ಓದತೊಡಗಿದ. ದೇವರು ಕೊಡುವ ಜೀವವರದಲ್ಲಿ ಹೆಂಡತಿಗೂ ಪಾಲಿದೆ, ಅವಳಿಗೆ ಮಾನ ಕೊಡಿ, ಇಲ್ಲದಿದ್ದರೆ ನಿಮ್ಮ ಪ್ರಾರ್ಥನೆಗೆ ಅಡ್ಡಿ ಬರುತ್ತದೆ ಎನ್ನುವ ವಚನ ಅದು. ಕೊನೆಗೆ ಬರುವಾಗ ದನಿ ಇಳಿಯಿತು.

“ಪ್ರಾರ್ಥನೆ ವಿಷಯದಲ್ಲಿ ನಮ್ಮನೇಲಿ ಕೊರತೆ ಇಲ್ಲ ಮೇಡಂ. ಒಂದು ದಿನಾನೂ ಬಿಟ್ಟಿಲ್ಲ.”

ಅಲ್ಲಿಯವರೆಗೂ ಸುಮ್ಮನಿದ್ದ ಆಕೆ ಮಾತಾಡಿದಳು. “ರೀ, ನಿಮ್ಮ ಪ್ರಾರ್ಥನೆಗೆ ನಾನು ಆಮೆನ್ ಅನ್ನೋದು ಬಿಟ್ಟು ತುಂಬಾ ದಿನ ಆಯ್ತು. ಮಕ್ಕಳು ಜೋರಾಗಿ ಅಂತಾರಲ್ಲ, ನಿಮಗೆ ಗೊತ್ತಾಗಲಿಲ್ಲ.”

“ಯಾವಾಗಿಂದ?”

“ಹೊಡೆದ್ರಲ್ಲ, ಅವತ್ತಿಂದ.”

ಆತನ ಬೆರಳು ಇನ್ನೂ ಆ ವಚನದ ಮೇಲೇ ಇತ್ತು. ತುಂಬಾ ಹೊತ್ತಾದ ಮೇಲೆ ಅಂದ: “ತಪ್ಪು ಅಂತ ನನಗೆ ಅವತ್ತೇ ಗೊತ್ತಿತ್ತು. ಕ್ಷಮೆ ಕೇಳಿದ್ರೆ ಮನೇಲಿ ನನ್ನ ಸ್ಥಾನ ಹೋಗುತ್ತೆ ಅಂದ್ಕೊಂಡಿದ್ದೆ.”

ನನ್ನ ಕೆಲಸ ಶುರುವಾಗಿದ್ದು ಈ ಮಾತಿನಿಂದ. ಆ ಸ್ಥಾನ ಕಳೆದುಹೋಗುತ್ತದೆ ಎಂಬ ಹೆದರಿಕೆ ಎಷ್ಟೋ ಗಂಡಸರಲ್ಲಿ ಇರುತ್ತದೆ. ಹೇಳಿಕೊಳ್ಳುವವರು ಕಡಿಮೆ. ಸಭೆಗೆ ತಲೆಯಾದ ಕ್ರಿಸ್ತನು ಅದನ್ನು ಪ್ರೀತಿಸಿ ಅದಕ್ಕಾಗಿ ತನ್ನನ್ನೇ ಕೊಟ್ಟ ಎಂದು ಎಫೆಸ 5ರ 25ನೇ ವಚನ ಹೇಳುತ್ತದೆ. ಶಿಷ್ಯರ ಕಾಲು ತೊಳೆದವನು ಆತ. ಕ್ಷಮೆ ಕೇಳಿದರೆ ಹೋಗುವ ಸ್ಥಾನ ಕ್ರಿಸ್ತನು ತೋರಿಸಿದ್ದಲ್ಲ ಎಂದು ಹೇಳಿದೆ.

ಕಾರ್ಡನ್ನು ಆ ವಾರವೇ ವಾಪಸ್ ಕೊಡಬೇಕು, ಬ್ಯಾಂಕಿನಲ್ಲಿ ಆಕೆಯ ನಂಬರನ್ನೇ ಹಾಕಿಸಬೇಕು, ಮನೆ ಖರ್ಚನ್ನು ಇಬ್ಬರೂ ಕೂತು ಬರೆಯಬೇಕು, ಅಮ್ಮನಿಗೆ ಕಳಿಸುವ ದುಡ್ಡೂ ಆ ಲೆಕ್ಕದಲ್ಲೇ ಇರಬೇಕು. ಇಷ್ಟು ಸಲಹೆ. ಹೆಂಗಸಿನ ಕೈಗೆ ದುಡ್ಡು ಕೊಡುವುದು ವಾಕ್ಯಕ್ಕೆ ವಿರುದ್ಧ ಅಲ್ವಾ ಎಂದು ಆತ ನಿಜವಾಗಿಯೂ ಕೇಳಿದ. ಗುಣವತಿಯಾದ ಹೆಂಡತಿಯ ಮೇಲೆ ನಮ್ಮ ಸಭೆಗಳಲ್ಲಿ ಪಾಲಕರ ಎಷ್ಟೊಂದು ಪ್ರಸಂಗಗಳು ಆಗುತ್ತವೆ! ಬೈಬಲಿನ ಜ್ಞಾನೋಕ್ತಿ ಪುಸ್ತಕದ 31ನೇ ಅಧ್ಯಾಯದಲ್ಲಿ ಆಕೆ ತಾನೇ ನೋಡಿ ಹೊಲ ಕೊಳ್ಳುತ್ತಾಳೆ, ದುಡಿದ ದುಡ್ಡಿನಲ್ಲಿ ದ್ರಾಕ್ಷಿತೋಟ ಹಾಕಿಸುತ್ತಾಳೆ. ಅದಕ್ಕೂ ಮುಂಚೆ 11ನೇ ವಚನದಲ್ಲಿ, ಗಂಡ ಅವಳನ್ನು ಮನಸಾರೆ ನಂಬುತ್ತಾನೆ ಎಂದಿದೆ. ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯೂ ಡೇರೆ ಮಾಡುವ ಕಸುಬು ಮಾಡಿಕೊಂಡೇ ಪೌಲನಿಗೆ ಮನೆಯಲ್ಲಿ ಜಾಗ ಕೊಟ್ಟವರು.

ಆಕೆಗೆ ಹೇಳಿದ್ದು ಬೇರೆ. ಕ್ಷಮಿಸುವುದು ಒಂದು, ಪೆಟ್ಟಿಗೆ ಕೆನ್ನೆ ಕೊಡುತ್ತಾ ಇರುವುದು ಇನ್ನೊಂದು. ಮತ್ತೆ ಕೈ ಎತ್ತಿದರೆ ಯಾರ ಅಪ್ಪಣೆಗೂ ಕಾಯಬೇಡ, ಮಕ್ಕಳನ್ನು ಕರೆದುಕೊಂಡು ಸುರಕ್ಷಿತ ಜಾಗಕ್ಕೆ ಹೋಗು, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡು, ತುರ್ತಾದರೆ 112. ಆಧಾರ್, ನರ್ಸಿಂಗ್ ಸರ್ಟಿಫಿಕೇಟು ನಂಬುವವರ ಹತ್ತಿರ ಇಡು. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಅನ್ವಯಿಸುತ್ತದೆ. ಬರೀ ಹೊಡೆತಕ್ಕಲ್ಲ, ಆರ್ಥಿಕ ಹಿಂಸೆಗೂ ಅದರಲ್ಲಿ ರಕ್ಷಣೆ ಇದೆ.

ಇದು ಮನೆ ಮುರಿಯುವ ಸಲಹೆ ಎಂದು ಅವರ ಸಭೆಯ ಹಿರಿಯರೊಬ್ಬರು ಬೇಜಾರು ಮಾಡಿಕೊಂಡರು. ಮಾತಿಲ್ಲದೆ, ನಡತೆಯಿಂದ ಗಂಡನನ್ನು ಗೆಲ್ಲಬೇಕು ಅಂತ ಪೇತ್ರ ಹೇಳಿಲ್ವಾ ಎಂದರು. ಹೇಳಿದ್ದಾನೆ. ಆದರೆ ಅಲ್ಲಿರುವುದು ವಾಕ್ಯವನ್ನು ಒಪ್ಪದ ಗಂಡಂದಿರ ವಿಷಯ. ಇಲ್ಲಿ ಗಂಡ ದಿನಾ ಬೈಬಲ್ ಓದುವವನು. ಅವನಿಗೆ ವಾಕ್ಯ ತೋರಿಸಿಯೇ ಮಾತಾಡಬೇಕು. ಅದೇ ಭಾಗದ 6ನೇ ವಚನದಲ್ಲಿ ಪೇತ್ರ ಹೆಂಡತಿಯರಿಗೆ ಯಾವ ಭೀತಿಗೂ ಒಳಗಾಗಬೇಡಿ ಎಂದಿದ್ದಾನೆ. ಹೆದರಿಕೆಯಿಂದ ಬಾಯಿ ಮುಚ್ಚಿಕೊಂಡಿರುವುದನ್ನು ಅಧೀನತೆ ಎಂದು ಕರೆದು ಕಳಿಸಿದರೆ ವಾಕ್ಯಕ್ಕೂ ದ್ರೋಹ, ಆ ಹೆಂಗಸಿಗೂ ದ್ರೋಹ. ಈ ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಮನೆ ಉಳಿಯಬೇಕು ಎನ್ನುವ ಆಸೆ ಆ ಹಿರಿಯರಿಗಿಂತ ನನಗೇನೂ ಕಡಿಮೆ ಇಲ್ಲ.

ದಂಪತಿ ಈಗಲೂ ಬರುತ್ತಾರೆ. ಕಾರ್ಡ್ ಆಕೆಯ ಹತ್ತಿರ ಇದೆ. ಖರ್ಚಿನ ಲೆಕ್ಕಕ್ಕೆ ಕೂತಾಗ ಆತ ಈಗಲೂ ರೇಗುತ್ತಾನೆ, ಎದ್ದು ಹೋಗಿ ಸ್ವಲ್ಪ ಹೊತ್ತಿಗೆ ವಾಪಸ್ ಬರುತ್ತಾನೆ. ಕೈ ಎತ್ತಿಲ್ಲ.

ಸಭಾಪಾಲಕರಲ್ಲಿ ಒಂದು ಕೋರಿಕೆ. ಮದುವೆಗೆ ಮುಂಚೆ ಚರ್ಚಿನಲ್ಲಿ ಅದರ ಪ್ರಕಟಣೆ ಓದುವ ವಾರಗಳಲ್ಲಿ ಜೋಡಿಯನ್ನು ಕೂರಿಸಿ ಎಫೆಸ 5ನ್ನು 21ರಿಂದ 33ರವರೆಗೆ ಪೂರ್ತಿ ಓದಿಸಿ. ಓದಿಸಿ ಸುಮ್ನೆ ಕಳಿಸಬೇಡಿ. ಸಂಬಳ ಯಾರ ಖಾತೆಗೆ, ಕಾರ್ಡ್ ಯಾರ ಕೈಲಿ, ಎರಡೂ ಕಡೆಯ ಅಪ್ಪ ಅಮ್ಮನಿಗೆ ದುಡ್ಡು ಕಳಿಸೋದು ಹೇಗೆ, ಜಗಳ ಜಾಸ್ತಿ ಆದರೆ ಯಾರನ್ನು ಕರೀತೀರಿ ಎಂದು ಇಬ್ಬರನ್ನೂ ಕೇಳಿ. ಹುಡುಗಿಯನ್ನು ಒಬ್ಬಳೇ ಇರುವಾಗ ಇನ್ನೊಂದು ಸಲ ಕೇಳಿ.