ಹೊಸ ಪೈಪು, ಹೊಸ ಲೈಟರು, ಹೊಸ ತಂಬಾಕು: ಬಾಯಿ ಕಹಿಯಾದರೆ ತಪ್ಪು ಯಾರದ್ದು?

ಹೊಸ ಬ್ರಯರ್ (ಪೈಪಿಗೆ ಬಳಸುವ ಗಟ್ಟಿ ಮರ) ಪೈಪು, ಹೊಸ ಲೈಟರು, ಹಿಂದೆಂದೂ ಸೇದಿರದ ವರ್ಜೀನಿಯಾ ಫ್ಲೇಕ್ (ಒತ್ತಿ ತೆಳು ಹಾಳೆಗಳಾಗಿ ಕತ್ತರಿಸಿದ ವರ್ಜೀನಿಯಾ ತಂಬಾಕು), ಮೂರನ್ನೂ ಒಟ್ಟಿಗೇ ಶುರು ಮಾಡಿದ್ದೀರಿ. ಬಾಯಿ ಕಹಿ, ನಾಲಿಗೆ ಉರಿ, ಬೌಲ್ (ಪೈಪಿನಲ್ಲಿ ತಂಬಾಕು ತುಂಬುವ ಬಟ್ಟಲು) ಅರ್ಧ ಮುಗಿಯುವಷ್ಟರಲ್ಲೇ ಗೊರಗೊರ ಸದ್ದು. ತಂಬಾಕೇ ಸರಿಯಿಲ್ಲವೇ ಎಂಬುದು ನಿಮ್ಮ ಪ್ರಶ್ನೆ. ತಂಬಾಕಿನ ಮೇಲೆ ಈಗಲೇ ತೀರ್ಪು ಕೊಡಬೇಡಿ. ಈ ಮೂರು ದೂರುಗಳಿಗೆ ಕಾರಣ ಬೇರೆಬೇರೆ ಇರಬಹುದು, ಒಂದೊಂದನ್ನೇ ಬಿಡಿಸಿ ನೋಡಬೇಕು.

ಲೈಟರಿನ ಪಾಲು ಪತ್ತೆ ಮಾಡುವುದು ಎಲ್ಲಕ್ಕಿಂತ ಸುಲಭ. ಮುಂದಿನ ಬೌಲನ್ನು ಬೆಂಕಿಕಡ್ಡಿಯಲ್ಲಿ ಹಚ್ಚಿ. ಗೀರಿದ ತಕ್ಷಣ ಬೌಲಿನ ಹತ್ತಿರ ತರಬೇಡಿ, ತುದಿಯ ಮದ್ದು ಪೂರ್ತಿ ಉರಿದು ಕಟ್ಟಿಗೆಗೆ ಬೆಂಕಿ ಹತ್ತಲಿ. ಮೊದಲ ದಮ್ಮುಗಳ ಕೆಟ್ಟ ವಾಸನೆ ಹೋಯಿತೆಂದರೆ ಕಳ್ಳ ಲೈಟರೇ. ಬತ್ತಿ ಇರುವ ದ್ರವ ಇಂಧನದ ಲೈಟರಾದರೆ, ಹಚ್ಚಿ ಕೆಲವು ಸೆಕೆಂಡು ಉರಿಯಲು ಬಿಟ್ಟು ಆಮೇಲೆ ಪೈಪಿಗೆ ಹಿಡಿಯಿರಿ. ಬ್ಯೂಟೇನ್ ಗ್ಯಾಸಿಗೆ ಈ ತೊಂದರೆ ಕಡಿಮೆ. ಆದರೆ ನೀಲಿ ಜ್ವಾಲೆ ಭುಸ್ಸೆಂದು ಬರುವ ಟಾರ್ಚ್ ಲೈಟರು ಸಿಗಾರಿಗಿರಲಿ, ಪೈಪಿಗೆ ಬೇಡ. ಅದು ಬೌಲಿನ ಅಂಚನ್ನು ಸುಡುತ್ತದೆ, ಮೇಲ್ಪದರದ ತಂಬಾಕನ್ನೂ ಕರಕು ಮಾಡುತ್ತದೆ. ಹಳದಿ ಮೆದು ಜ್ವಾಲೆ, ಓರೆಯಾಗಿ ಹೊರಬರುವಂಥದ್ದು ಸಾಕು. ಗ್ಯಾಸ್ ತುಂಬುವಾಗ ಮೊದಲು ಕವಾಟ ಒತ್ತಿ ಒಳಗಿನ ಗಾಳಿ ಬಿಡಿ, ಲೈಟರನ್ನು ತಲೆಕೆಳಗಾಗಿ ಹಿಡಿದು ತುಂಬಿ, ಐದಾರು ನಿಮಿಷ ಬಿಟ್ಟು ಹಚ್ಚಿ. ತುಂಬಿದ ಕೂಡಲೇ ಗ್ಯಾಸ್ ತಣ್ಣಗಿರುವುದರಿಂದ ಜ್ವಾಲೆ ಏರಿಳಿಯುತ್ತದೆ. ಅಷ್ಟಕ್ಕೇ ಲೈಟರು ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ.

ಇನ್ನು ಪೈಪು. ಹೊಸ ಬ್ರಯರಿನ ಮೊದಲ ಕೆಲವು ಬೌಲ್‌ಗಳಲ್ಲಿ ಮರದ ರುಚಿ, ಕೆಲವೊಮ್ಮೆ ಒಳಗೆ ಬಳಿದ ಕಪ್ಪು ಲೇಪದ ರುಚಿ ಬಂದೇ ಬರುತ್ತದೆ. ನಿಮ್ಮ ಕಹಿಯಲ್ಲಿ ಅದರದ್ದೂ ಒಂದು ಪಾಲಿರಬಹುದು. ಸೇದುತ್ತಾ ಹೋದಂತೆ ಒಳಗೋಡೆಗೆ ಇದ್ದಿಲಿನ ತೆಳು ಪದರ ಕೂರುತ್ತದೆ, ಕಹಿ ತಗ್ಗುತ್ತದೆ, ಮರಕ್ಕೂ ರಕ್ಷಣೆ. ಈ ಪದರ ಒಂದು ಒಂದೂವರೆ ಮಿಲಿಮೀಟರ್ ಇದ್ದರೆ ಸಾಕು. ದಪ್ಪವಾದರೆ ಬಿಸಿಗೆ ಹಿಗ್ಗಿ ಬೌಲನ್ನೇ ಸೀಳಬಹುದು. ಮೊದಲ ಸಲಗಳಲ್ಲಿ ಅರ್ಧ ಬೌಲ್ ಮಾತ್ರ ತುಂಬಬೇಕೆಂಬ ಹಳೇ ನಿಯಮ ನನಗೆ ಅಷ್ಟು ಮುಖ್ಯವೆನಿಸಿಲ್ಲ. ನಿಧಾನ ಸೇದಿ ತಳದವರೆಗೂ ಮುಗಿಸುವುದು ಅದಕ್ಕಿಂತ ಮುಖ್ಯ. ಬೌಲನ್ನು ಅಂಗೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದರೆ ಕೆಳಗಿಡಿ. ಬಿಸಿ ಇರುವಾಗ ಸ್ಟೆಮ್ (ಬಾಯಿಗಿಡುವ ಕೊಳವೆ) ಕಳಚಬೇಡಿ, ಕೂಡುವ ಜಾಗದಲ್ಲಿ ಮರ ಬಿರುಕು ಬಿಡುತ್ತದೆ.

ಹೊಸ ತಂಬಾಕಿನ ನಿಜವಾದ ರುಚಿ ನೋಡಬೇಕೆಂದರೆ ನಾನು ಹೇಳುವ ದಾರಿ ಜೋಳದ ದಿಂಡಿನ ಪೈಪು. ಅಗ್ಗ, ಪಳಗಿಸುವ ರಗಳೆಯಿಲ್ಲ. ಅದೇ ಫ್ಲೇಕನ್ನು ಅದರಲ್ಲಿ ಸೇದಿ. ಬ್ರಯರಿನಲ್ಲಿ ನಿಮಗೆ ಗೊತ್ತಿರುವ ಹಳೇ ತಂಬಾಕು ಸೇದಿ. ಎರಡು ಬೌಲ್‌ಗಳಲ್ಲಿ ಕಹಿ ಯಾರದೆಂಬುದು ಬಯಲಾಗುತ್ತದೆ.

ಆದರೆ ಉರಿಗೂ ಗೊರಗೊರಕ್ಕೂ ನನ್ನ ಅನುಮಾನ ತೇವದ ಮೇಲೆ. ಡಬ್ಬಿಯಿಂದ ತೆಗೆದ ಫ್ಲೇಕ್ ಸಾಮಾನ್ಯವಾಗಿ ಸೇದುವುದಕ್ಕಿಂತ ಹೆಚ್ಚು ಒದ್ದೆಯಿರುತ್ತದೆ. ಒದ್ದೆ ತಂಬಾಕು ಹತ್ತುವುದಿಲ್ಲ, ಮತ್ತೆ ಮತ್ತೆ ಹಚ್ಚುತ್ತೀರಿ, ಜೋರಾಗಿ ಎಳೆಯುತ್ತೀರಿ, ಬಿಸಿ ಆವಿ ನಾಲಿಗೆ ಸುಡುತ್ತದೆ. ವರ್ಜೀನಿಯಾದಲ್ಲಿ ಸಕ್ಕರೆ ಅಂಶ ಜಾಸ್ತಿ, ಜೋರಾಗಿ ಎಳೆದರೆ ಬೇಗ ನಾಲಿಗೆ ಕಚ್ಚುತ್ತದೆ. ಬರ್ಲಿ ಎಂಬ ಇನ್ನೊಂದು ಬಗೆಯ ತಂಬಾಕಿನಲ್ಲಿ ಸಕ್ಕರೆ ತೀರ ಕಡಿಮೆ.

ಒಂದು ಬೌಲಿಗೆ ಬೇಕಾದಷ್ಟು ಫ್ಲೇಕನ್ನು ಬೆರಳುಗಳ ನಡುವೆ ಉಜ್ಜಿ ಎಳೆಎಳೆಯಾಗಿ ಬಿಡಿಸಿ, ಕಾಗದದ ಮೇಲೆ ಹರಡಿಡಿ. ಅರ್ಧ ಗಂಟೆಯಿಂದ ಒಂದು ಗಂಟೆ. ಚಿಟಿಕೆ ಹಿಂಡಿ ಬಿಟ್ಟಾಗ ಮುದ್ದೆಯಾಗಿ ಉಳಿಯದೆ ಮೆಲ್ಲಗೆ ಬಿಚ್ಚಿಕೊಳ್ಳಬೇಕು, ಹಾಗೆಂದು ಪುಡಿಪುಡಿಯಾಗಲೂ ಬಾರದು. ತುಂಬುವಾಗ ಮೂರು ಚಿಟಿಕೆ: ಮೊದಲನೆಯದು ಸುಮ್ಮನೆ ಉದುರಿಸಿದಂತೆ, ಎರಡನೆಯದು ತುಸು ಒತ್ತಿ, ಮೂರನೆಯದು ಇನ್ನೂ ಸ್ವಲ್ಪ ಬಿಗಿಯಾಗಿ. ಹಚ್ಚುವ ಮುಂಚೆ ಒಮ್ಮೆ ಎಳೆದು ನೋಡಿ. ಸ್ಟ್ರಾದಲ್ಲಿ ನೀರು ಹೀರಿದಷ್ಟು ಸಲೀಸಾಗಿರಬೇಕು. ಕಷ್ಟವಾದರೆ ಚುಚ್ಚಿ ಸರಿಮಾಡಲು ಹೋಗಬೇಡಿ, ಸುರಿದು ಮತ್ತೆ ತುಂಬಿ.

ಜ್ವಾಲೆಯನ್ನು ಇಡೀ ಮೇಲ್ಮೈ ಮೇಲೆ ವೃತ್ತಾಕಾರವಾಗಿ ಆಡಿಸುತ್ತಾ ನಾಲ್ಕೈದು ಸಣ್ಣ ದಮ್ಮು ಎಳೆಯಿರಿ. ತಂಬಾಕು ಉಬ್ಬಿ ಮೇಲೇಳುತ್ತದೆ. ಟ್ಯಾಂಪರಿನಿಂದ (ತಂಬಾಕು ಒತ್ತುವ ಪುಟ್ಟ ಸಲಕರಣೆ) ಅದರ ತೂಕದಷ್ಟೇ ಒತ್ತಿ ಸಮ ಮಾಡಿ. ಆರಿದರೆ ಆರಲಿ, ಇದು ಬರೀ ಮೇಲ್ಪದರ ಕರಿಯಾಗಲು. ಎರಡನೇ ಸಲ ಹಚ್ಚಿದ್ದೇ ಅಸಲಿ. ಆಮೇಲೆ ಬಿಸಿ ಕಾಫಿ ಗುಟುಕರಿಸಿದಂತೆ, ನಿಮಿಷಕ್ಕೆ ಎರಡು ಮೂರು ಸಣ್ಣ ಎಳೆತ. ಹೊಗೆ ದಟ್ಟವಾಗಿ ಬರುತ್ತಿಲ್ಲವೆಂದು ಚಡಪಡಿಸಬೇಡಿ. ನಡುವೆ ಎರಡು ಮೂರು ಸಲ ಆರುವುದು ದೋಷವಲ್ಲ.

ಗೊರಗೊರ ಸದ್ದು ಕೇಳಿದರೆ ಪೈಪ್ ಕ್ಲೀನರನ್ನು (ಎಳೆ ಸುತ್ತಿದ ಮೆದು ತಂತಿ) ಸ್ಟೆಮ್ಮಿನೊಳಗೆ ತಳ್ಳಿ ಒಂದು ನಿಮಿಷ ಬಿಟ್ಟು ತೆಗೆಯಿರಿ. ಬಾಗಿದ ಪೈಪಿನಲ್ಲಿ ಅದು ಬೌಲ್ ತನಕ ತಲುಪದಿದ್ದರೆ ಸ್ಟೆಮ್ ಕಳಚುವ ಆಸೆಯಾಗುತ್ತದೆ. ತಣ್ಣಗಾಗುವವರೆಗೆ ತಡೆದುಕೊಳ್ಳಿ. ಮುಗಿದ ಮೇಲೆ ಬೂದಿ ತೆಗೆದು, ಕ್ಲೀನರ್ ಒಳಗೇ ಬಿಟ್ಟು, ಒಂದು ದಿನ ವಿಶ್ರಾಂತಿ ಕೊಡಿ. ದಿನವೂ ಅದೇ ಪೈಪು ಸೇದಿದರೆ ಮರ ಒಣಗುವುದಿಲ್ಲ, ಹುಳಿ ವಾಸನೆ ಸೇರಿಕೊಳ್ಳುತ್ತದೆ.

ತಲೆ ಸುತ್ತಿದರೆ, ಹೊಟ್ಟೆ ತೊಳಸಿದರೆ ಅದು ನಿಕೋಟಿನ್, ಆ ಬೌಲ್ ಅಲ್ಲಿಗೇ ಬಿಡಿ. ಹೊಗೆಯನ್ನು ಒಳಗೆ ಎಳೆದುಕೊಳ್ಳದಿದ್ದರೂ ಬಾಯಿಯ ಒಳಚರ್ಮದಿಂದಲೇ ಅದು ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಪೈಪಿಗೂ ಇದೆ, ಸೇದುವ ಯಾವ ವಿಧಾನವೂ ಅದನ್ನು ತಪ್ಪಿಸುವುದಿಲ್ಲ. ಈಗ ಉರಿಯುತ್ತಿರುವ ನಾಲಿಗೆಗಂತೂ ಎರಡು ಮೂರು ದಿನ ರಜೆ ಕೊಡಿ.

ಅಲ್ಲಿಯವರೆಗೆ ತೆರೆದ ಡಬ್ಬಿಯ ಫ್ಲೇಕನ್ನು ರಬ್ಬರ್ ಬಿಲ್ಲೆಯ ಮುಚ್ಚಳವಿರುವ ಗಾಜಿನ ಭರಣಿಗೆ ಹಾಕಿಡಿ. ಒಣಗಿಸಿ, ನಿಧಾನ ಸೇದಿ, ದಿಂಡಿನ ಪೈಪಿನಲ್ಲೂ ಕಚ್ಚಿತೆಂದರೆ ಆಗ ತಂಬಾಕನ್ನು ದೂರಬಹುದು. ಬರ್ಲಿ ಬೆರೆತ ಮಿಶ್ರಣವೊಂದನ್ನು ನೋಡಿ.